ಕುಮ್ಕಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಪುತ್ತೂರು, ಸುಳ್ಯ, ಕಡಬಗಳ ಕೃಷಿಕರಿಗೆ ಕುಮ್ಕಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕದೀಂ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಭೂಮಿ ಅದು. ಒಡೆತನ ಸರಕಾರದ್ದು, ಅಲ್ಲಿಯ ಸೊಪ್ಪು, ಸೌದೆ, ಮೇವುಗಳ ಸವಲತ್ತು ವರ್ಗದಾರನದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಕಲಮು ಈ ಸವಲತ್ತನ್ನು ಉಳಿಸಿಕೊಟ್ಟಿದೆ. ಇಂಥ ಪದವನ್ನು ನಮ್ಮ ಭಾಷಾಂತರಕಾರರು ‘ಗವರ್ನಮೆಂಟ್ ಲ್ಯಾಂಡ್’ ಎಂದಷ್ಟೇ ಬರೆದು ಮೊಹರು ಒತ್ತುತ್ತಾರೆ. ಸುಳ್ಳೆನ್ನಲಾಗದು, ಆದರೆ ಅರ್ಧ ಸತ್ಯ. ದೂರದೂರಿನಲ್ಲಿ ಕುಳಿತು ಕಡತ ಓದುವ ಅಧಿಕಾರಿಯ ಕಣ್ಣಿಗೆ, ಅಜ್ಜನ ಕಾಲದಿಂದ ಅಲ್ಲಿ ಸೊಪ್ಪು ಕಡಿದವನು ಅತಿಕ್ರಮಣಕಾರನಾಗಿ ಕಾಣುತ್ತಾನೆ. ಅದನ್ನೇ ಸ್ವಂತ ಆಸ್ತಿಯೆಂಬಂತೆ ಅನುವಾದಿಸಿದರೋ, ಕೊಳ್ಳುವವನ ಗತಿ ದೇವರೇ ಬಲ್ಲ.

ಅನುವಾದಿಸಲೇಬೇಕೆಂಬ ಹಟವೇಕೆ? 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯನ್ನು ರಚಿಸಿದವರು ಬರೆದದ್ದು ಇಂಗ್ಲಿಷಿನಲ್ಲೇ. ಆದರೂ ‘ಕುಟುಂಬ’, ‘ಕವರು’, ‘ನಿಸ್ಸಂತತಿ ಕವರು’ ಎಂಬ ನಮ್ಮ ಶಬ್ದಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಅರ್ಥವನ್ನು ವಿವರಿಸಿದರು. ಮದ್ರಾಸಿನವರಿಗೆ ಇದ್ದ ಈ ವಿವೇಕ ನಮ್ಮವರಿಗೆ ಇಲ್ಲವಾಯಿತೆ?

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲಂತೂ ಅನಾಹುತವೇ. ಸಾಲದ ಜಾಮೀನುಪತ್ರದಲ್ಲಿ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂಬ ಒಂದು ಮಾತಿರುತ್ತದೆ. ‘ಜಾಯಿಂಟ್ಲಿ ಅಂಡ್ ಸೆವೆರಲಿ’ ಎಂಬುದರ ಪದಶಃ ಅನುವಾದ. ನನ್ನ ಪರಿಚಯದ ಅಡಿಕೆ ಕೃಷಿಕರೊಬ್ಬರು ಇದನ್ನು ಓದಿಯೇ ಸಹಿ ಹಾಕಿದ್ದರು. ‘ಜಾಮೀನು ನಿಂತವರು 3 ಮಂದಿ, ಪ್ರತ್ಯೇಕವೆಂದರೆ ನನ್ನ ಪಾಲಿನದು ಮಾತ್ರವಲ್ಲವೆ ಮಾಸ್ಟ್ರೇ?’ ಎಂದು ನೋಟೀಸು ಹಿಡಿದುಕೊಂಡು ಬಂದರು. ಅಲ್ಲ. ಪ್ರತಿಯೊಬ್ಬನೂ ಪೂರ್ತಿ ಸಾಲಕ್ಕೆ ಹೊಣೆ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮು ಹೇಳುತ್ತದೆ. ‘ನಮ್ಮಲ್ಲಿ ಯಾರೊಬ್ಬನಿಂದಲೂ ಪೂರ್ತಿ ಸಾಲವನ್ನು ವಸೂಲು ಮಾಡಬಹುದು’ ಎಂದು ಬರೆಯಲು ಯಾವ ನಿಘಂಟು ಬೇಕಿತ್ತು?

ಇದು ಅಚ್ಚಗನ್ನಡದ ವಾದವಲ್ಲ. ಜಾಮೀನು, ವಕೀಲ ಪಾರಸಿಯ ದಾರಿಯಿಂದ ಬಂದವು, ಲಿಲಾವು ಪೋರ್ಚುಗೀಸರದು. ಆದರೆ ಲಿಲಾವು ಎಂದೊಡನೆ ತೋಟ ಕೈತಪ್ಪಿತೆಂದು ಅಕ್ಷರ ಬಾರದ ಮುದುಕಿಗೂ ತಿಳಿಯುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನವರಿದ್ದೀರಿ, ವಕೀಲರಿದ್ದೀರಿ. ಕುಮ್ಕಿಯನ್ನು ಕುಮ್ಕಿಯೆಂದೇ ಬರೆದು ಕೆಳಗೆ ಎರಡು ಸಾಲಿನ ವಿವರಣೆ ಕೊಡಿ. ಜಾಮೀನಿಗೆ ಬಂದವನಿಗೆ ಪೆನ್ನು ಕೊಡುವ ಮೊದಲು ಹೊಣೆಯ ಆ ಒಂದು ವಾಕ್ಯವನ್ನು ಅವನ ಮಾತಿನಲ್ಲಿ, ತುಳುವಾದರೆ ತುಳುವಿನಲ್ಲೇ, ಹೇಳಿರಿ. ಅದಕ್ಕೆ ಮೇಲಧಿಕಾರಿಗಳ ಅಪ್ಪಣೆಯೇನೂ ಬೇಕಿಲ್ಲ.