ಅಂಗಡಿ ಬಾಗಿಲು ತೆಗೆಯೋಕೆ ಯಾರ ಅಪ್ಪಣೆ ಬೇಕು?

ನಮ್ಮ ಕೇರಿಗೆ ಸಾರಾಯಿ ಅಂಗಡಿ ಬಂದಾಗ ಊರಿನವರು ಯಾರೂ ಅಭ್ಯಂತರ ಹೇಳಲಿಲ್ಲ. ಉಪ್ಪು, ಮೆಣಸಿನಕಾಯಿ ಮಾರುವ ಅಂಗಡಿಯೊಂದನ್ನು ಮತ್ತೆ ತೆರೆಯುತ್ತೇವೆ ಅಂದಾಗ ಏಳು ಜನ ಸಹಿ ಹಾಕಿ ತಕರಾರು ಅರ್ಜಿ ಕೊಟ್ಟರು. ಹಾಸ್ಟೆಲಿನ ಗೆಳೆಯರೇ, ಆ ಏಳು ಸಹಿಗಳ ಬಗ್ಗೆ ನಾವು ಮಾತಾಡಬೇಕಾಗಿದೆ.

ಸಂಗತಿ ಇಷ್ಟು. ನಮ್ಮದು ಒಂದು ತಾಲ್ಲೂಕು ಕೇಂದ್ರದ ಕೇರಿ. ಕೇರಿಯ ನಡುವೆ ಎಂಟಡಿ ಹತ್ತಡಿ ಕೋಣೆಯಲ್ಲಿ ಒಂದು ಚಿಲ್ಲರೆ ಅಂಗಡಿ ಇತ್ತು. ನಡೆಸುತ್ತಿದ್ದವರನ್ನು ನಾವೆಲ್ಲ ಅತ್ತೆ ಅಂತ ಕರೆಯುತ್ತೇವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕೂಲಿ ನಿಂತಿತು. ಕೇರಿಗೆ ಕೇರಿಯೇ ಅತ್ತೆಯ ಅಂಗಡಿಯಿಂದ ಉದ್ರಿ ತಂದು ಉಂಡಿತು. ಬಂಡವಾಳ ಕರಗಿತು, ಬಾಗಿಲು ಮುಚ್ಚಿತು. ಈಗ ಅತ್ತೆಯ ಮಗಳು, ಬಿ.ಎ. ಓದಿದವಳು, ಸ್ವಸಹಾಯ ಸಂಘದ ಸಾಲ ಎತ್ತಿ ಅದೇ ಬಾಗಿಲು ತೆಗೆಯಲು ಹೊರಟಿದ್ದಾಳೆ. ಹಿಂದೆ ಪರವಾನಗಿ ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಈ ಸಲ ಕಾನೂನು ಪ್ರಕಾರವೇ ಮಾಡೋಣ ಅಂತ ಪುರಸಭೆಗೆ ಅರ್ಜಿ ಹಾಕಿದಳು. ಅಲ್ಲಿಂದ ಶುರುವಾಯಿತು ಓಡಾಟ.

ಮೊದಲನೆಯ ಸಲ ಹೋದಾಗ ಹೇಳಿದ್ದು: ಇದು ವಾಸದ ವಲಯ, ಇಲ್ಲಿ ವ್ಯಾಪಾರಕ್ಕೆ ಅವಕಾಶ ಇಲ್ಲ. ಎರಡನೆಯ ಸಲ: ಮನೆಗೆ ಖಾತೆ ಇಲ್ಲ, ಬರೀ ಹಕ್ಕುಪತ್ರ ಇದೆ. ಮೂರನೆಯ ಸಲ: ಅಕ್ಕಪಕ್ಕದವರ ತಕರಾರು ಬಂದಿದೆ, ಮೊದಲು ಅವರನ್ನು ಒಪ್ಪಿಸಿಕೊಂಡು ಬನ್ನಿ. ಮೂರೂ ಬಾಯಿಮಾತು. ಒಂದಕ್ಕೂ ಕಾಗದ ಇಲ್ಲ.

ಒಂದೊಂದಾಗಿ ನೋಡೋಣ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಊರಿಗೊಂದು ಮಹಾಯೋಜನೆ ಮಾಡುತ್ತಾರೆ. ಅದರ ನಕ್ಷೆಯಲ್ಲಿ ವಾಸಕ್ಕೆ ಹಳದಿ ಬಣ್ಣ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ನಮ್ಮ ಕೇರಿ ಹಳದಿ. ಮೇಲಿನ ಬೀದಿಯೂ ಹಳದಿ. ಆದರೆ ಆ ಹಳದಿಯೊಳಗೇ ಬೇಕರಿ ಇದೆ, ಮೆಡಿಕಲ್ ಸ್ಟೋರ್ ಇದೆ, ಮೊಬೈಲ್ ಅಂಗಡಿ ಇದೆ. ಅಲ್ಲಿ ಹಳದಿ ರಬ್ಬರಿನ ಹಾಗೆ ಬಗ್ಗುತ್ತದೆ, ನಮ್ಮ ಕೇರಿಗೆ ಬಂದರೆ ಕಲ್ಲಾಗುತ್ತದೆ. ನೀಲಿ ನಮ್ಮ ಬಾವುಟದ ಬಣ್ಣ ಸ್ವಾಮಿ, ಆದರೆ ನಕ್ಷೆಯ ನೀಲಿ ಮಾತ್ರ ನಮ್ಮ ಕೇರಿಗೆ ಇಳಿಯುವುದಿಲ್ಲ. ನಿಜವಾಗಿ ನಕ್ಷೆಯ ಜೊತೆಗೆ ವಲಯ ನಿಯಮಾವಳಿ ಅಂತ ಒಂದು ಪುಸ್ತಕ ಇರುತ್ತದೆ. ಪ್ರತಿ ವಲಯದಲ್ಲೂ ಯಾವುದಕ್ಕೆ ನೇರ ಅವಕಾಶ, ಯಾವುದಕ್ಕೆ ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿ ಕೊಡಬಹುದು ಎಂದು ಅದರಲ್ಲಿ ಎರಡು ಪಟ್ಟಿ ಇರುತ್ತವೆ. ಕಿಟಕಿಯಲ್ಲಿ ಕೂತವರು ನಮಗೆ ಬಣ್ಣ ತೋರಿಸುತ್ತಾರೆ, ಪಟ್ಟಿ ತೋರಿಸುವುದಿಲ್ಲ.

ಖಾತೆಯ ಮಾತು ಇನ್ನೂ ಸೊಗಸು. ನಮಗೆ ಖಾತೆ ಯಾಕಿಲ್ಲ? ನಮ್ಮ ಅಜ್ಜಂದಿರಿಗೆ ಊರೊಳಗೆ ಅಂಗೈಯಗಲ ಜಾಗ ಕೊಳ್ಳಲು ಬಿಡಲಿಲ್ಲ. ಹಳ್ಳದ ದಂಡೆ, ಗೋಮಾಳದ ಅಂಚು, ಸುಡುಗಾಡಿನ ಪಕ್ಕ, ಇಂಥ ಕಡೆ ಗುಡಿಸಲು ಹಾಕಿಕೊಂಡರು. ಎಷ್ಟೋ ವರ್ಷದ ಮೇಲೆ ಸರ್ಕಾರ ಹಕ್ಕುಪತ್ರ ಕೊಟ್ಟಿತು. ಖಾತೆ ಮಾಡಿಕೊಡಬೇಕಾದ ಕಚೇರಿಯೇ ಖಾತೆ ಮಾಡದೆ ಕೂತಿದೆ. ಈಗ ಅದೇ ಕಚೇರಿ ನಿಮಗೆ ಖಾತೆ ಇಲ್ಲ ಅನ್ನುತ್ತದೆ. ತಾನೇ ಕಾಲು ಮುರಿದು, ಆಮೇಲೆ ನೀನು ಕುಂಟ ಅನ್ನುವ ನ್ಯಾಯ ಇದು.

ಇನ್ನು ಆ ಏಳು ಸಹಿ. ತಕರಾರಿನ ಪ್ರತಿ ಬೇಕು ಅಂತ ಹಟ ಹಿಡಿದು ನಾಲ್ಕು ಸಲ ಹೋದ ಮೇಲೆ ನಮಗೆ ಪ್ರತಿ ಸಿಕ್ಕಿತು. ಅದರಲ್ಲಿ ಬರೆದ ಕಾರಣ: ಅಂಗಡಿಯಿಂದ ವಾಹನ ದಟ್ಟಣೆ ಆಗುತ್ತದೆ, ಪುಂಡ ಹುಡುಗರು ಗುಂಪು ಸೇರುತ್ತಾರೆ. ಅತ್ತೆಯ ಮನೆ ಇರುವ ಓಣಿ ಐದಡಿ ಅಗಲ. ಅಲ್ಲಿ ಸೈಕಲ್ಲಿಗೆ ಸೈಕಲ್ಲು ಎದುರಾದರೆ ಒಬ್ಬ ಇಳಿಯಬೇಕು. ವಾಹನ ದಟ್ಟಣೆಯಂತೆ! ಪುಂಡ ಹುಡುಗರು ಅಂದರೆ ಯಾರು? ಸಂಜೆ ಲೈಟ್ ಕಂಬದ ಕೆಳಗೆ ಕೂತು ಪರೀಕ್ಷೆಗೆ ಓದುವ ನಮ್ಮ ತಮ್ಮಂದಿರು.

ಇದೇ ಕೇರಿಯ ಬಾಯಲ್ಲಿ ಸಾರಾಯಿ ಅಂಗಡಿ ಇತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಗುವ ತನಕ ನಮ್ಮ ಅಪ್ಪಂದಿರು ದಿನದ ಕೂಲಿಯನ್ನು ಅಲ್ಲಿ ಪಾಕೀಟಿಗೆ ಸುರಿದರು. ಆಗ ದಟ್ಟಣೆ ಆಗಲಿಲ್ಲವೇ? ಗುಂಪು ಸೇರಲಿಲ್ಲವೇ? ಆಗ ಯಾರೂ ಸಹಿ ಹಾಕಲಿಲ್ಲ. ಯಾಕೆಂದರೆ ಆ ಅಂಗಡಿ ನಮ್ಮಿಂದ ದುಡ್ಡು ಹೊರಗೆ ಒಯ್ಯುತ್ತಿತ್ತು. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ಭೂಮಿ ಬೇಕು, ವಸತಿ ಶಾಲೆ ಬೇಕು ಅಂತ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಕೇರಿಗೆ ಯಾವ ಅಂಗಡಿ ಬರಬೇಕು, ಯಾವುದು ಬರಬಾರದು ಅನ್ನುವುದನ್ನು ಕೇರಿಯವರಲ್ಲ, ಬೇರೆ ಯಾರೋ ತೀರ್ಮಾನ ಮಾಡುತ್ತಿದ್ದರು. ಇವತ್ತೂ ಅವರೇ ಮಾಡುತ್ತಿದ್ದಾರೆ.

ಹಾಗಾದರೆ ನಿಜವಾದ ಕಾರಣ ಏನು? ಅದು ಆ ಅರ್ಜಿಯಲ್ಲಿಲ್ಲ, ಮೇಲಿನ ಬೀದಿಯ ಅಂಗಡಿಯ ಉದ್ರಿ ಪುಸ್ತಕದಲ್ಲಿದೆ. ಅನ್ನಭಾಗ್ಯದ ಅಕ್ಕಿ ಮನೆಗೆ ಬರುತ್ತದೆ, ನಿಜ. ಆದರೆ ಬರೀ ಅಕ್ಕಿ ಬೇಯಿಸಿ ತಿನ್ನೋಕಾಗುತ್ತಾ? ಉಪ್ಪು ಬೇಕು, ಬೇಳೆ ಬೇಕು, ಹತ್ತು ರೂಪಾಯಿ ಎಣ್ಣೆ ಬೇಕು, ಸೋಪು, ಬೆಂಕಿಪೊಟ್ಟಣ ಬೇಕು. ಅತ್ತೆಯ ಅಂಗಡಿ ಮುಚ್ಚಿದ ಮೇಲೆ ಇಷ್ಟಕ್ಕೂ ಮೇಲಿನ ಬೀದಿಗೇ ಹೋಗಬೇಕು. ಅಲ್ಲಿ ನಮ್ಮ ಮಕ್ಕಳ ಕೈಗೆ ಚಿಲ್ಲರೆಯನ್ನು ಮೇಲಿನಿಂದ ಬೀಳಿಸುತ್ತಾರೆ, ಕೈ ತಾಗಬಾರದಲ್ಲ! ಬಾಕಿ ಇದ್ದ ಮನೆಯ ಹೆಂಗಸರು ಅವರ ಹೊಲಕ್ಕೆ ಕಡಿಮೆ ಕೂಲಿಗೆ ಹೋಗಬೇಕು. ಚುನಾವಣೆ ಬಂದಾಗ ಪುಸ್ತಕ ತೆಗೆದು ಬಾಕಿ ಎಷ್ಟಿದೆ ಗೊತ್ತೇನವ್ವಾ ಅಂತಾರೆ. ಆ ಪುಸ್ತಕ ನಮ್ಮ ಕೇರಿಯ ಮೂಗುದಾರ. ಅತ್ತೆಯ ಮಗಳು ಬಾಗಿಲು ತೆಗೆದ ದಿನ ಆ ಹಗ್ಗ ಸಡಿಲ ಆಗುತ್ತದೆ. ಅದಕ್ಕೇ ಏಳು ಸಹಿ. ಮೊದಲ ಸಹಿ ಯಾರದು ಅಂತ ನಾವು ಬೇರೆ ಹೇಳಬೇಕಾಗಿಲ್ಲ.

ಇದು ಇವತ್ತಿನ ಕಥೆ ಅಲ್ಲ. ಶೂದ್ರನು ಶಕ್ತನಾದರೂ ಧನ ಕೂಡಿಡಬಾರದು ಅನ್ನುವುದು ಮನುವಿನ ಕಟ್ಟಳೆ. ಶೂದ್ರನಿಗೇ ಹೀಗಾದರೆ ಅವನಿಗಿಂತ ಕೆಳಗೆ ತಳ್ಳಿದವರ ಪಾಡೇನು? ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಬಾಬಾಸಾಹೇಬರು ಮುಂಬೈಯಲ್ಲಿ ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆ ತೆರೆದಿದ್ದರು. ತೆರೆದವರ ಜಾತಿ ಗೊತ್ತಾದ ಮೇಲೆ ಗಿರಾಕಿ ಬರುವುದು ನಿಂತಿತು, ಅದನ್ನು ಮುಚ್ಚಬೇಕಾಯಿತು. ಅಂಥವರಿಗೇ ಹೀಗಾದ ದೇಶದಲ್ಲಿ ನಮ್ಮ ಅತ್ತೆಯದೇನು ಹೆಚ್ಚು? 2001ರ ಜನಗಣತಿಯಲ್ಲಿ ದೇಶದ ಜನರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 16.2. 2005ರ ಆರ್ಥಿಕ ಗಣತಿಯಲ್ಲಿ ಉದ್ದಿಮೆಗಳ ಒಡೆತನದಲ್ಲಿ ನಮ್ಮ ಪಾಲು ನೂರಕ್ಕೆ 9.8. ನಡುವಿನ ಆ ಕೊರತೆಯೆಲ್ಲ ಸೋಮಾರಿತನದಿಂದ ಬಂದದ್ದಾ? ತೆರೆಯದೆ ಹೋದ ಬಾಗಿಲುಗಳೂ ಆ ಲೆಕ್ಕದಲ್ಲಿವೆ.

ನಮ್ಮಲ್ಲೇ ಕೆಲವರು ಕೇಳುತ್ತಾರೆ: ಭೂಮಿ, ಶಿಕ್ಷಣ, ಉದ್ಯೋಗದಂಥ ದೊಡ್ಡ ಪ್ರಶ್ನೆಗಳಿರುವಾಗ ಒಂದು ಪುಟಗೋಸಿ ಅಂಗಡಿಗೆ ಹೋರಾಟವಾ? ಅವರಿಗೆ ಮಹಾಡನ್ನು ನೆನಪು ಮಾಡುತ್ತೇವೆ. ಸಾರ್ವಜನಿಕ ನೀರಿನ ಜಾಗಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಬೋಲೆಯವರ ಠರಾವು ಪಾಸಾಯಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಕಾಗದ ಇತ್ತು, ಕೆರೆಗೆ ಇಳಿಯುವ ಧೈರ್ಯವನ್ನು ಯಾರೂ ಮಾಡಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಆಗ ಊರಿಗೆ ಬೆಂಕಿ ಬಿದ್ದ ಹಾಗಾಯಿತು. ನಮ್ಮ ಜನಕ್ಕೆ ಹೊಡೆದರು, ಕೆರೆಯನ್ನು ಶುದ್ಧಿ ಮಾಡಿದರು. ಆಗಸ್ಟ್ 4ರಂದು ಅದೇ ಪುರಸಭೆ ತನ್ನ ಠರಾವನ್ನು ವಾಪಸ್ ತೆಗೆದುಕೊಂಡಿತು. ಕೋರ್ಟಿನಲ್ಲಿ ಹತ್ತು ವರ್ಷ ಕಾದ ಮೇಲೆ 1937ರ ಮಾರ್ಚ್‌ನಲ್ಲಿ ಮುಂಬೈ ಹೈಕೋರ್ಟಿನ ತೀರ್ಪು ನಮ್ಮ ಪರ ಬಂತು.

ಇಲ್ಲಿ ಎರಡು ಪಾಠ ಇವೆ. ಕಾಲು ಇಲ್ಲದ ಕಾಗದ ಸತ್ತ ಕಾಗದ. ಕಾಗದ ಇಲ್ಲದೆ ಹೋದ ಕಾಲನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ನಮಗೆ ಎರಡೂ ಬೇಕು.

ಕಾಗದದ ಕೆಲಸ ನಿಮ್ಮದು ಗೆಳೆಯರೇ. ಅತ್ತೆಗೆ ಓದಲು ಬರದು, ನಿಮಗೆ ಬರುತ್ತದೆ. ಮೊದಲು ಒಂದು ಮಾತು ಕಲಿಯಿರಿ: ಕಾರಣ ಬರೆದು ಕೊಡಿ. ಬಾಯಿಮಾತಿನಲ್ಲಿ ಜಾತಿ ಆರಾಮವಾಗಿ ಕೂತಿರುತ್ತದೆ. ಬರವಣಿಗೆಗೆ ಬಂದ ಕೂಡಲೇ ಅದು ಕಾನೂನಿನ ವೇಷ ಹಾಕಬೇಕು, ಆ ವೇಷದಲ್ಲಿ ಐದಡಿ ಓಣಿಯ ವಾಹನ ದಟ್ಟಣೆಯ ಹಾಗೆ ಸಿಕ್ಕಿಬೀಳುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4(1)(ಡಿ) ಹೇಳುವುದು ಇದನ್ನೇ: ಕಚೇರಿ ತನ್ನ ತೀರ್ಮಾನಕ್ಕೆ ಕಾರಣವನ್ನು ಬಾಧೆಗೊಳಗಾದವರಿಗೆ ಕೊಡಬೇಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. ಕಡತದ ಪ್ರತಿ ಕೇಳಿ. ವಲಯ ನಿಯಮಾವಳಿಯ ಪ್ರತಿ ಕೇಳಿ. ಮೇಲಿನ ಬೀದಿಯ ಬೇಕರಿಗೆ ಯಾವ ನಿಯಮದಲ್ಲಿ ಪರವಾನಗಿ ಕೊಟ್ಟಿರಿ ಅಂತಲೂ ಕೇಳಿ. ಅರ್ಜಿ ಸಕಾಲದಲ್ಲಿ ಹಾಕಿ, ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಇಲ್ಲದೆ ಕಿಟಕಿ ಬಿಟ್ಟು ಬರಬೇಡಿ. 2011ರ ಆ ಕಾಯಿದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಇದೆ. ದುಡ್ಡು ಸಣ್ಣದು, ಆದರೆ ಆ ನಂಬರು ಕಡತವನ್ನು ಕಪಾಟಿನ ಅಡಿಯಲ್ಲಿ ಮಲಗಲು ಬಿಡುವುದಿಲ್ಲ.

ನೆರೆಯವರ ಒಪ್ಪಿಗೆ ತನ್ನಿ ಅಂದರೆ, ಯಾವ ಕಾನೂನಿನ ಯಾವ ಕಲಮು ಅಂತ ಕೇಳಿ. ನೆರೆಯವರಿಗೆ ಹೇಳಿಕೊಳ್ಳುವ ಹಕ್ಕಿದೆ, ನಾವು ಅಲ್ಲಗಳೆಯುವುದಿಲ್ಲ. ಚರಂಡಿ ಕಟ್ಟುತ್ತದೆಯೇ, ಬೆಂಕಿಯ ಭಯ ಇದೆಯೇ, ಹೊಗೆ ಬರುತ್ತದೆಯೇ, ಹೇಳಲಿ. ಅಧಿಕಾರಿ ಬಂದು ಸ್ಥಳ ನೋಡಲಿ, ಸರಿ ಮಾಡಿಕೊಳ್ಳಲು ಹೇಳಲಿ, ಮಾಡೋಣ. ಆದರೆ ಹೇಳಿಕೊಳ್ಳುವ ಹಕ್ಕು ಬೇರೆ, ಅಪ್ಪಣೆ ಕೊಡುವ ಹಕ್ಕು ಬೇರೆ. ಸಂವಿಧಾನದ 19(1)(ಜಿ) ವ್ಯಾಪಾರದ ಹಕ್ಕನ್ನು ಎಲ್ಲ ಪ್ರಜೆಗಳಿಗೂ ಕೊಟ್ಟಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರ ಕಸುಬು, ವ್ಯಾಪಾರಕ್ಕೂ ಅಡ್ಡಿ ಮಾಡಬಾರದು ಅಂತ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಹೇಳುತ್ತದೆ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಆರ್ಥಿಕ ಬಹಿಷ್ಕಾರ ಹಾಕುವುದು ಮಾತ್ರವಲ್ಲ, ಹಾಕುತ್ತೇವೆ ಅಂತ ಬೆದರಿಸುವುದೂ ಅಪರಾಧ. ಕೋಣೆ ಇಲ್ಲದೆ ಬೀದಿ ಬದಿಯಲ್ಲಿ ಕೂತು ಮಾರುವ ನಮ್ಮ ತಾಯಂದಿರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಅದರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ನಿಮ್ಮ ಊರಿನಲ್ಲಿ ಆ ಸಮಿತಿ ಇದೆಯೇ? ಹೋಗಿ ವಿಚಾರಿಸಿ.

ಇನ್ನು ಕಾಲಿನ ಕೆಲಸ. ಇದು ನಮ್ಮೆಲ್ಲರದು, ಇಲ್ಲಿ ಕಹಿ ಮಾತು ಸ್ವಲ್ಪ ಇದೆ. ಪರವಾನಗಿ ಸಿಕ್ಕ ಮೇಲೆ ನಮ್ಮವರೇ ಅಲ್ಲಿ ಕೊಳ್ಳದಿದ್ದರೆ ಆ ಅಂಗಡಿ ಮೂರು ತಿಂಗಳೂ ನಿಲ್ಲುವುದಿಲ್ಲ. ಎಡಗೈ, ಬಲಗೈ ಅಂತ ನೋಡಿ, ಅವರ ಅಂಗಡಿಯಲ್ಲಿ ನೀರು ಮುಟ್ಟುವುದಿಲ್ಲ ಅನ್ನುವ ಮಂದಿ ನಮ್ಮ ಕೇರಿಗಳಲ್ಲೇ ಇದ್ದಾರೆ. ಮೇಲಿನ ಬೀದಿಯವರು ಚಿಲ್ಲರೆ ಬೀಳಿಸಿದರೆ ಕೂಗುವ ನಾವು, ನಮ್ಮ ಪಕ್ಕದ ಮನೆಯ ಲೋಟ ದೂರ ಇಡುತ್ತೇವೆಯೇ? ಹಾಗಿದ್ದರೆ ಮನು ನಮ್ಮ ಮನೆಯಲ್ಲೇ ಬಾಡಿಗೆಗಿದ್ದಾನೆ. ಮೊದಲು ಅವನನ್ನು ಖಾಲಿ ಮಾಡಿಸಬೇಕು. ಉದ್ರಿ ತಂದವರು ವಾರಕ್ಕೊಮ್ಮೆ ತೀರಿಸಬೇಕು. ಆ ಅಂಗಡಿಯಲ್ಲಿ ಗುಟ್ಕಾ, ಕಳ್ಳ ಹೆಂಡ ಇಡಕೂಡದು ಅಂತ ಕೇರಿಯವರೇ ಕೂತು ನಿರ್ಧರಿಸಬೇಕು. ನಮ್ಮ ಕೇರಿಗೆ ಏನು ಬೇಕು ಅಂತ ನಾವು ತೀರ್ಮಾನಿಸುವುದು ಅಂದರೆ ಇದೇ.

ಇನ್ನೊಂದು ಮಾತು. ಡಿಗ್ರಿ ಆದವನು ಅಂಗಡಿಯಲ್ಲಿ ಕೂರುವುದು ಅವಮಾನ ಅನ್ನುವ ಗಾಳಿ ಹಾಸ್ಟೆಲುಗಳಲ್ಲಿ ಬೀಸುತ್ತಿದೆ. ಸರ್ಕಾರಿ ಕೆಲಸ ನಮ್ಮ ಹಕ್ಕು, ಅದನ್ನು ಬಿಡಬೇಡಿ. ಆದರೆ ತಕ್ಕಡಿ ಹಿಡಿಯುವುದೂ ನಮ್ಮ ಹಕ್ಕು. ಸಾವಿರಾರು ವರ್ಷ ನಮ್ಮ ಕೈಗೆ ಪೊರಕೆ ಕೊಟ್ಟವರು ತಕ್ಕಡಿ ಕೊಡಲಿಲ್ಲ. ಅತ್ತೆಯ ಮಗಳು ಅದನ್ನು ತಾನಾಗಿ ತೆಗೆದುಕೊಳ್ಳುತ್ತಿದ್ದಾಳೆ.

ಕಡತ ಇನ್ನೂ ಪುರಸಭೆಯಲ್ಲಿದೆ. ಏಳು ಸಹಿಯ ತಕರಾರಿಗೆ ನಮ್ಮ ಉತ್ತರ ಬರೆದಾಗಿದೆ, ಕೇರಿಯ ನೂರಾರು ಸಹಿ, ಹೆಬ್ಬೆಟ್ಟು ಅದರ ಕೆಳಗೆ ಬೀಳುತ್ತಿವೆ. ಮುಂದಿನ ಸೋಮವಾರ ಹತ್ತೂವರೆಗೆ ಅದನ್ನು ಕೊಟ್ಟು ಸ್ವೀಕೃತಿ ಪಡೆಯಲು ಹೋಗುತ್ತಿದ್ದೇವೆ. ಘೋಷಣೆ ಕೂಗುವುದಿಲ್ಲ, ಕಲ್ಲು ಎತ್ತುವುದಿಲ್ಲ. ಕಿಟಕಿಯ ಮುಂದೆ ಸಾಲಾಗಿ ನಿಂತು ಒಂದೇ ಮಾತು ಕೇಳುತ್ತೇವೆ. ಬಿಡುವಿದ್ದವರು ಬನ್ನಿ. ಬರಲಾಗದವರು ನಿಮ್ಮ ಊರಿನಲ್ಲಿ, ನಿಮ್ಮ ಕೇರಿಯಲ್ಲಿ ಮುಚ್ಚಿದ ಬಾಗಿಲು ಯಾವುದಿದೆ ನೋಡಿ, ಅದರ ಕಡತ ಯಾವ ಮೇಜಿನ ಮೇಲಿದೆ ಹುಡುಕಿ, ಅಲ್ಲಿ ಹೋಗಿ ಅದೇ ಮಾತು ಕೇಳಿ:

ಕಾರಣ ಬರೆದು ಕೊಡಿ.

ಜೈ ಭೀಮ್.