ಮಗಳನ್ನು ಕಾಲೇಜು ಬಿಡಿಸುವ ಮುನ್ನ



ಹಿಂಗಾರಿ ಕಡಲೆಯ ಪ್ರಾತ್ಯಕ್ಷಿಕೆ ನೋಡಲೆಂದು ಗಜೇಂದ್ರಗಡದ ಕಡೆಗೆ ಹೋದಾಗ ಪರಿಚಯದ ರೈತರೊಬ್ಬರು ನನ್ನನ್ನು ಬದುವಿನ ಮೇಲೆ ಕೂಡ್ರಿಸಿಕೊಂಡರು. ಸೊರಗು ರೋಗದ ಬಗ್ಗೆ ಕೇಳಬಹುದೆಂದು ಎಣಿಸಿದ್ದೆ. ಅವರು ತೆಗೆದ ಮಾತೇ ಬೇರೆ. "ಸಾಹೇಬ್ರ, ಮಗಳನ್ನ ಕಾಲೇಜ ಬಿಡಿಸಿ ಕರಕೊಂಡ ಬರಬೇಕಂತ ಮಾಡೇನಿ. ಅಲ್ಲೊಬ್ಬ ಮಾಸ್ತರ ರಾತ್ರಿ ಫೋನಿನ್ಯಾಗ ಏನೇನರ ಬರದ ಕಳಸ್ತಾನಂತ. ಊರಾಗ ಸುದ್ದಿ ಆದ್ರ ಲಗ್ನಕ್ಕ ತೊಂದ್ರಿ" ಎಂದರು.

ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬೆಳೆಗೆ ಹುಳು ಬಿದ್ದಿತೆಂದು ಯಾರೂ ಬೆಳೆಯನ್ನೇ ಕಿತ್ತು ಮನೆಗೆ ತರುವುದಿಲ್ಲ. ತಪ್ಪು ಮಾಡಿದವನು ಅಲ್ಲೇ ಕುರ್ಚಿಯಲ್ಲಿದ್ದು, ತಪ್ಪು ಮಾಡದವಳು ಮನೆ ಸೇರುವುದು ಯಾವ ನ್ಯಾಯ?

ಈ ಅಭ್ಯಾಸ ನಮ್ಮ ರೈತರದ್ದಷ್ಟೇ ಅಲ್ಲ. 2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಮೈಸೂರು ವಿಶ್ವವಿದ್ಯಾನಿಲಯವು ಸಂಜೆ 6-30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ಕಲಿತವರೇ ಮೊದಲು ಹೆಣ್ಣುಮಕ್ಕಳ ಬಾಗಿಲಿಗೆ ಚಿಲಕ ಹಾಕಲು ಹೊರಟರೆ, ಒಬ್ಬ ಒಕ್ಕಲಿಗ ಮಗಳನ್ನು ಮನೆಗೆ ಕರೆತರುತ್ತೇನೆಂದರೆ ಆಶ್ಚರ್ಯವೇನು?

ಹುಡುಗಿಯರು ಏಕೆ ಬಾಯಿ ಬಿಡುವುದಿಲ್ಲವೆಂಬುದನ್ನು ಪಾಲಕರು ತಿಳಿಯಬೇಕು. ಸ್ನಾತಕೋತ್ತರ ಪದವಿಯಲ್ಲಿ ಮಾರ್ಗದರ್ಶಕರೇ ಸಲಹಾ ಸಮಿತಿಯ ಅಧ್ಯಕ್ಷರು. ಪ್ರಯೋಗದ ತಾಕು, ಕೂಲಿಯಾಳು, ಪ್ರಬಂಧದ ಮೇಲಿನ ಸಹಿ ಎಲ್ಲವೂ ಅವರ ಕೈಯಲ್ಲಿ. ಒಂದು ಹಂಗಾಮು ತಪ್ಪಿದರೆ ಒಂದು ವರ್ಷವೇ ಹೋದಂತೆ. ಇಷ್ಟು ಅಧಿಕಾರ ಒಬ್ಬರಲ್ಲಿ ಕೂಡಿದಾಗ ದೂರು ಕೊಡುವುದು ಸುಲಭವಲ್ಲ.

ನಾನು ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಯೊಬ್ಬಳು ಇಂಥದೇ ಕಷ್ಟವನ್ನು ನನ್ನಲ್ಲಿ ಹೇಳಿಕೊಂಡಿದ್ದಳು. "ಪ್ರಬಂಧ ಮುಗಿಯುವ ತನಕ ಸಹಿಸಿಕೊ" ಎಂದೆ. ಆಕೆ ಅರ್ಧಕ್ಕೇ ಬಿಟ್ಟುಹೋದಳು. ಆಕೆಯ ಜೋಳದ ತಾಕುಗಳನ್ನು ನಾವೇ ಕೊಯ್ದೆವು. ತೆನೆ ತೂಗಿ ಬರೆದುಕೊಂಡ ಅಂಕಿಗಳು ಯಾರಿಗೂ ಬೇಕಾಗಲಿಲ್ಲ. ಆ ಸಲಹೆ ಕೊಟ್ಟದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ಆಗ ನನಗೆ ಕಾನೂನಿನ ಅರಿವೂ ಇರಲಿಲ್ಲ. ಈ ಕಾನೂನಿನ ಮೂಲ ಇರುವುದು ಒಂದು ಹೊಲದಲ್ಲಿ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರಕಾರದ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದವರು. 1992ರಲ್ಲಿ ಗಂಡನೊಡನೆ ಹೊಲದಲ್ಲಿ ದುಡಿಯುತ್ತಿದ್ದಾಗ ಅವರ ಮೇಲೆ ಅತ್ಯಾಚಾರ ನಡೆಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ವಿಶಾಖಾ ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಕಾಯಿದೆಯಾಯಿತು. ಉಚ್ಚ ಶಿಕ್ಷಣ ಸಂಸ್ಥೆಗಳಿಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರ ನಿಯಮಗಳನ್ನು ತಂದಿತು.

ಇದರಂತೆ ಪ್ರತಿ ಸಂಸ್ಥೆಯಲ್ಲಿ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಹೊರಗಿನ ಸದಸ್ಯರೊಬ್ಬರೂ ಇರಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಘಟನೆಗಳು ಒಂದರ ಹಿಂದೊಂದು ನಡೆದಿದ್ದರೆ ಕೊನೆಯದರಿಂದ ಲೆಕ್ಕ. ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹೆಸರು ಬಹಿರಂಗ ಮಾಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ವಿಚಾರಣೆ ನಡೆದಿರುವಾಗ ಆ ಅಧ್ಯಾಪಕ ಆಕೆಯ ಪರೀಕ್ಷೆ, ಕೆಲಸಗಳ ಮೌಲ್ಯಮಾಪನ ಮಾಡದಂತೆ ತಡೆಯಲು ಅವಕಾಶವಿದೆ. ಪೊಲೀಸರಿಗೆ ದೂರು ಕೊಡುವ ದಾರಿಯಂತೂ ಇದ್ದೇ ಇದೆ.

ಸಮಿತಿಯ ಹೆಸರು ಗೋಡೆಯ ಫಲಕದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವ ಸಂಸ್ಥೆಗಳೂ ಇವೆ. ಮೊದಲ ವರ್ಷದ ಪ್ರವೇಶದ ದಿನವೇ, ಪಾಲಕರ ಎದುರಿನಲ್ಲಿಯೇ, ಸಮಿತಿಯ ಸದಸ್ಯರನ್ನು ಪರಿಚಯಿಸಬೇಕೆಂಬುದು ನನ್ನ ಅಭಿಪ್ರಾಯ. ಗೊಬ್ಬರದ ಪ್ರಮಾಣವನ್ನು ಮನೆಮನೆಗೆ ತಿಳಿಸುವ ನಾವು ಇದನ್ನು ತಿಳಿಸಲು ಹಿಂಜರಿಯಬಾರದು.

ನಿಮ್ಮ ಹೊಣೆಯೂ ಉಂಟು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿನಿಯರು ಗ್ರಾಮೀಣ ಕಾರ್ಯಾನುಭವಕ್ಕೆಂದು ನಿಮ್ಮ ಊರುಗಳಿಗೆ ಬರುತ್ತಾರೆ. 2015ರ ನಿಯಮಗಳ ಪ್ರಕಾರ ಅಧ್ಯಯನಕ್ಕಾಗಿ ಹೋದ ಹೊರಗಿನ ಸ್ಥಳವೂ ಕಾಲೇಜಿನ ಆವರಣಕ್ಕೆ ಸೇರುತ್ತದೆ. ಎಂದರೆ ನಿಮ್ಮ ಕಟ್ಟೆ, ಹೊಲದ ದಾರಿ, ಅವರು ಬರುವ ಬಂಡಿ ಎಲ್ಲವೂ. ಬಸ್ ನಿಲ್ದಾಣದಲ್ಲಿ ಶಿಳ್ಳೆ ಹಾಕುವ ಹುಡುಗರು ನಮ್ಮವರೇ ಆಗಿರುತ್ತಾರಲ್ಲವೇ? ಅವರಿಗೆ ಬುದ್ಧಿ ಹೇಳಲು ಯಾವ ಸಮಿತಿಯೂ ಬೇಕಿಲ್ಲ.

ಇಷ್ಟನ್ನೂ ಆ ರೈತರಿಗೆ ಹೇಳಿದೆ. ಬಹಳ ಹೊತ್ತು ಕಡಲೆ ಗಿಡದ ತುದಿ ಚಿವುಟುತ್ತ ಕುಳಿತರು. "ಯಾವಾಗಿಂದ ಬರದ ಕಳಸ್ತಾನು?" ಎಂದು ನಾನು ಕೇಳಿದ್ದಕ್ಕೆ "ದೀಪಾವಳಿ ಆದಮ್ಯಾಲ ಸುರು ಆಗೇತಂತ, ಮೊನ್ನೆನೂ ಬಂದೇತಿ" ಎಂದರು. ಅವಧಿ ಮೀರಿರಲಿಲ್ಲ. ಬದುವಿನ ಮೇಲಿಂದಲೇ ಮಗಳಿಗೆ ಫೋನು ಹಚ್ಚಿದರು. "ಅವ್ವಾ, ಅದನ್ನೇನೂ ಅಳಸಬ್ಯಾಡ. ಹಂಗ ಇಡು. ನಾಳೆ ನಾನೂ ನಿಮ್ಮವ್ವನೂ ಬರತೇವಿ. ಕರಕೊಂಡ ಹೋಗಾಕಲ್ಲ."