ಮಹಡಿಯ ದೋಣಿ ಬೇಡ

ಮನೆಮಂದಿಯ ಜಲವಿಹಾರಕ್ಕೆ ಎರಡು ದೋಣಿಗಳಲ್ಲಿ ಯಾವುದನ್ನು ಗೊತ್ತುಮಾಡುವುದೆಂಬ ಚರ್ಚೆ ನಮ್ಮ ಬಂಧುವರ್ಗದಲ್ಲಿ ಹದಿನೈದು ದಿನಗಳಿಂದ ನಡೆದಿದೆ. ಎರಡೂ ಪಾಂಟೂನ್ ದೋಣಿಗಳೇ. ಅಂದರೆ ಬಾಯಿ ಮುಚ್ಚಿದ ಎರಡು ಉದ್ದನೆಯ ಟೊಳ್ಳು ಕೊಳವೆಗಳ ಮೇಲೆ ಚಪ್ಪಟೆಯಾದ ನೆಲ ಹಾಸಿದಂಥವು. ಒಂದಕ್ಕೆ ಬರಿಯ ಬಿಸಿಲುಚಪ್ಪರ, ಇನ್ನೊಂದಕ್ಕೆ ಏಣಿ ಹತ್ತಿ ಹೋಗುವ ಮಹಡಿ. ಕಿರಿಯರೆಲ್ಲ ಮಹಡಿಯ ಪಕ್ಷ. ಮೇಲಿನಿಂದ ಫೋಟೋ ಚೆನ್ನಾಗಿ ಬರುತ್ತದೆ ಎಂಬುದೇ ಅವರ ಪರಮ ವಾದ. ನಾನು ಇದನ್ನು ಖಂಡತುಂಡವಾಗಿ ವಿರೋಧಿಸುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಆರ್ಕಿಮಿಡೀಸನ ತತ್ತ್ವ ಕಲಿತವರು ಸ್ವಲ್ಪ ನೆನಪಿಸಿಕೊಳ್ಳಿ. ಪಾಂಟೂನ್ ಒಂದು ಪಕ್ಕಕ್ಕೆ ವಾಲಿದರೆ ಆ ಪಕ್ಕದ ಕೊಳವೆ ಇನ್ನಷ್ಟು ಮುಳುಗಿ ಹೆಚ್ಚು ನೀರನ್ನು ಸರಿಸುತ್ತದೆ. ಸರಿದ ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಕೊಳವೆಗಳ ನಡುವಿನ ಅಂತರ ಹೆಚ್ಚಿದಷ್ಟೂ ದೋಣಿ ಭದ್ರ. ಆದರೆ ಆ ಕೊಳವೆ ಪೂರ್ತಿ ಮುಳುಗಿದ ಮೇಲೆ ಅದರ ಬೊಕ್ಕಸ ಬರಿದು. ಈಗ ಮಹಡಿಗೆ ಹತ್ತು ಜನರನ್ನು ಹತ್ತಿಸಿ. ಆಳಿಗೆ 60 ಕಿಲೋ ಎಂದರೂ 600 ಕಿಲೋ ಭಾರ ತಲೆಯ ಮೇಲೇರಿತು, ಗುರುತ್ವಕೇಂದ್ರವೂ ಏರಿತು. ಅವರೆಲ್ಲ ಒಂದು ಹಕ್ಕಿಯನ್ನು ನೋಡಲು ಒಂದೇ ಕಟಕಟೆಗೆ ನುಗ್ಗಿದರೆ?

ಇದು ಕಲ್ಪನೆಯಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗಳು ಒಂದು ಪಕ್ಕಕ್ಕೆ ಸರಿದಾಗ ಎರಡಂತಸ್ತಿನ 'ಜಲಕನ್ಯಕ' ಮಗುಚಿ 45 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮತ್ತೊಂದು ಎರಡಂತಸ್ತಿನ ದೋಣಿ 22 ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು. ಇವು ಪಾಂಟೂನ್‌ಗಳಲ್ಲವೆಂದು ನೀವು ವಾದಿಸಬಹುದು. ನಿಜ, ಆದರೆ ಮೇಲೇರಿದ ಭಾರಕ್ಕೆ ಕೆಳಗಿನ ದೋಣಿಯ ಜಾತಿ ತಿಳಿಯದು.

ಮಹಡಿಯಿಲ್ಲದ್ದು ಸರ್ವಗುಣಸಂಪನ್ನವೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಮುಂಭಾಗದಲ್ಲಿ ಗುಂಪುಗೂಡಿದರೆ ಅದರ ಮೂತಿಯೂ ನೀರಿಗೆ ತಗ್ಗುತ್ತದೆ. ದೊಡ್ಡ ಅಲೆಗಳ ಜಾಗಕ್ಕೆ ಅದು ತಕ್ಕುದೂ ಅಲ್ಲ. ನಮ್ಮ ಹರಿಗೋಲಿನ ಅಂಬಿಗ ಭಾರದವರನ್ನು ಎದುರುಬದುರು ಕೂರಿಸಿ, 'ಏಳಬೇಡಿ' ಎಂದು ಗದರಿಸಿಯೇ ಹುಟ್ಟು ಹಾಕುತ್ತಾನೆ. ಯಾವ ಪಠ್ಯಪುಸ್ತಕವನ್ನೂ ಓದದ ಅವನಿಗೆ ತಿಳಿದದ್ದು ನಮ್ಮ ಇಂಜಿನಿಯರುಗಳಿಗೆ ತಿಳಿಯದೆ? ಇರಲಿ, ಅತ್ತಿಗೆಯವರ ಮೊಣಕಾಲಿಗೆ ಏಣಿ ಹೇಗೂ ಆಗದು.

ಸೀಟಿನ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ. 'ಮಕ್ಕಳು ತಾನೆ, ತೊಡೆಯ ಮೇಲೆ ಕೂರುತ್ತಾರೆ' ಎನ್ನುವುದು ಬಸ್ಸಿನ ಮಾತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ, ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ, ಶಾಲೆಯಿಂದ ವಿಹಾರಕ್ಕೆ ಬಂದಿದ್ದ 12 ಮಕ್ಕಳೂ 2 ಶಿಕ್ಷಕಿಯರೂ ತೀರಿಕೊಂಡರು. ಎಲ್ಲ ಮಕ್ಕಳಿಗೂ ಲೈಫ್ ಜಾಕೆಟ್ ಇರಲಿಲ್ಲ. ಎಷ್ಟೋ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ತಲೆ ಎಣಿಸಿದವನಿಗೆ ಆ ಸುದ್ದಿ ಓದಿ ಮುಗಿಸುವುದೇ ಕಷ್ಟವಾಯಿತು.

ಆದುದರಿಂದ ದೋಣಿಯವರನ್ನು ಬಾಡಿಗೆ ಕೇಳುವ ಮೊದಲು ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ಕೇಳಿ. ದೊಡ್ಡವರದನ್ನು ತೊಡಿಸಿದರೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ.

ಮುಂಗಡ ಇನ್ನೂ ಕೊಟ್ಟಿಲ್ಲವೆಂದು ಕೇಳಿದೆ. ಮಹಡಿಯದ್ದನ್ನೇ ಗೊತ್ತುಮಾಡುವುದಾದರೆ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಿರಿ; ಮೊಮ್ಮಕ್ಕಳ ಹೆಸರನ್ನೂ ತೆಗೆಸಿರೆಂದು ಅವರ ತಾಯಂದಿರಿಗೆ ನಾನೇ ಫೋನ್ ಮಾಡುವವನಿದ್ದೇನೆ.